ನೊರೆ ಎತ್ತಿದ ಕೈ

"ಚಹಾ ಮಾಡು," ಎಂದಳು ದಿಬೋರ್.

ಯಾಂದೆ ಸೆಕ್ ತಲೆ ಎತ್ತಿ ನೋಡಿದಳು. ವಿಚಾರಣೆಯ ಮೇಜಿನ ಮೇಲೆ ಪುಟ್ಟ ಗ್ಯಾಸ್ ಒಲೆ, ನೀಲಿ ಬಣ್ಣದ ಸಣ್ಣ ಕೆಟಲು, ಎರಡು ಗಾಜಿನ ಲೋಟ, ಸಕ್ಕರೆ, ಒಂದು ಕಟ್ಟು ಪುದೀನ, ಚೀನಾದ ಹಸಿರು ಚಹಾದ ಒಂದು ಪೊಟ್ಟಣ. ಡಾಕಾರಿನ ಪೊಲೀಸ್ ಕಚೇರಿಯಲ್ಲಿ ಆರೋಪಿಯ ಮುಂದೆ ಕೈಕೋಳ ಇಟ್ಟವರಿದ್ದಾರೆ, ಹೇಳಿಕೆಯ ಕಾಗದ ಇಟ್ಟವರಿದ್ದಾರೆ. ಚಹಾದ ಸಾಮಾನು ಇಟ್ಟವರು ಇವಳೇ ಮೊದಲು.

"ನನ್ನನ್ನ ಆಡಿಕೊಳ್ಳೋಕೆ ಕರೆಸಿದೆಯಾ?" ಯಾಂದೆ ಕೇಳಿದಳು.

"ಮಾಡು ಅಂದೆ. ಮಾಡು."

ಸರ್ಕಾರದ ಜೊತೆ ಒಪ್ಪಂದದ ಮಾತುಕತೆಗೆ ಬಂದಿದ್ದ ಚೀನಾದ ಚಹಾ ಕಂಪನಿಯ ರುಚಿಗಾರ್ತಿ ಶೆನ್ ಯೂಲಾನ್ ಕಡಲ ದಂಡೆಯ ಅತಿಥಿ ಬಂಗಲೆಯಲ್ಲಿ ನಿದ್ದೆಮಾತ್ರೆ ಬೆರೆತ ಚಹಾ ಕುಡಿದು ಸತ್ತಿದ್ದಳು. ಅವಳ ದುಭಾಷಿ ಯಾಂದೆಯನ್ನು ನಿನ್ನೆ ಹಿಡಿದು ತಂದಿದ್ದರು. ಇವತ್ತು ಸಂಜೆಯೊಳಗೆ ಯಾಂದೆಯ ಮೇಲೆ ಕೊಲೆಯ ಆರೋಪ ಹೊರಿಸಬೇಕು, ಇಲ್ಲವೇ ಬಿಟ್ಟು ಕಳಿಸಬೇಕು. ಯಾವುದು ಎಂದು ಬರೆಯಬೇಕಾದವಳು ಇನ್ಸ್‌ಪೆಕ್ಟರ್ ದಿಬೋರ್ ಫಾಯ್.

ಸುಳ್ಳೇಕೆ ಹೇಳಬೇಕು, ನಿನ್ನೆಯಿಂದ ದಿಬೋರ್‌ಗೆ ಒಳಗೊಳಗೇ ಹಬ್ಬ. ಊಟ ಸೇರಿತ್ತು, ಸೊಗಸಾದ ನಿದ್ದೆ ಬಂದಿತ್ತು. ಯಾಂದೆಯ ಕೈಯಿಂದ ಬಂಗಾರದ ಬಳೆ ಬಿಚ್ಚಿಸಿ ಲಕೋಟೆಗೆ ಹಾಕುವಾಗ, ಪೇದೆಗೆ ಹೇಳಬಹುದಾದ ಆ ಕೆಲಸವನ್ನು ತಾನೇ ಮಾಡಿದ್ದಳು.

ಕಾವ್ಲಾಕ್ ಊರಿನ ಒಂದೇ ಶಾಲೆ, ಒಂದೇ ಬೆಂಚು ಇಬ್ಬರದೂ. ಚೀನಾಕ್ಕೆ ಹೋಗಿ ಓದುವುದಕ್ಕೆ ವಿದ್ಯಾರ್ಥಿವೇತನ ಬಂದಾಗ ಇದ್ದದ್ದು ಒಂದೇ ಸೀಟು. ಯಾಂದೆ ಹೋದಳು. ಹಾಂಗ್‌ಝೌ ನಗರದಲ್ಲಿ ಆರು ವರ್ಷ ಓದಿ, ಅಲ್ಲಿಯ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತು ಬಂದಳು. ದಿಬೋರ್ ಪೊಲೀಸ್ ಪರೀಕ್ಷೆ ಬರೆದು, ಸುಡು ಬಿಸಿಲಲ್ಲಿ ಸೀಟಿ ಊದಿ ಗಾಡಿ ನಿಲ್ಲಿಸಿದಳು. ಟಿವಿಯಲ್ಲಿ ಮಂತ್ರಿ ಮತ್ತು ಚೀನಾದ ರಾಯಭಾರಿಯ ನಡುವೆ ಯಾಂದೆಯ ಮುಖ ಕಂಡಾಗಲೆಲ್ಲ ದಿಬೋರ್ ಚಾನೆಲ್ಲು ಬದಲಾಯಿಸುತ್ತಿದ್ದಳು.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಲಾತಿರ್ ದ್ಯೂಫ್ ಇದ್ದನಲ್ಲ. ಅಜ್ಜನ ಕಾಲದಿಂದ ಚೀನಾದ ಚಹಾ ತರಿಸಿ ಇಡೀ ಸೆನೆಗಾಲಿಗೆ ಮಾರುವ ಮನೆತನದ ಹುಡುಗ. ಅವನ ತಾಯಿ, ದಿಬೋರ್ ತಾಯಿ ಮಾತಾಡಿಕೊಂಡಿದ್ದರು. ನೆಂಟರಿಗೆ ಕೋಲಾ ಕಾಯಿ ಹಂಚಿ ಮದುವೆ ಗೊತ್ತುಮಾಡುವುದೊಂದೇ ಬಾಕಿ. ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗುವಾಗ ದುಭಾಷಿ ಬೇಕು ಎಂದು ಹುಡುಕಿದವನು, ಬರುವಾಗ ಆ ದುಭಾಷಿಯನ್ನೇ ಹೆಂಡತಿ ಮಾಡಿಕೊಂಡು ಬಂದ. ಮೊದಲು ಸೀಟು, ಆಮೇಲೆ ಗಂಡು, ಎರಡನ್ನೂ ಹೊತ್ತುಕೊಂಡು ಹೋದವಳು ಒಬ್ಬಳೇ. ಲಾತಿರ್ ಜೊತೆ ದಿಬೋರ್‌ಗೆ ಮದುವೆಯ ಮಾತಾಗಿದ್ದ ವಿಷಯ ಯಾಂದೆಗೆ ಗೊತ್ತಿರಲಿಲ್ಲ. ಠಾಣೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಈ ಕೇಸು ದಿಬೋರ್ ಕೈಗೆ ಬರುತ್ತಲೇ ಇರಲಿಲ್ಲ.

ಯಾಂದೆ ಇನ್ನೂ ಕೈ ಕಟ್ಟಿಕೊಂಡೇ ಕೂತಿದ್ದಳು. ದಿಬೋರ್ ಒಲೆ ಹಚ್ಚಿದಳು.

ಈ ಚಹಾದ ಯೋಚನೆ ಹುಟ್ಟಿದ್ದು ಬೆಳಿಗ್ಗೆ. ಅಲ್ಲಿಯವರೆಗೆ ಇಡೀ ಪೊಲೀಸ್ ಪಡೆಯ ಕಣ್ಣಿಗೆ ಮಣ್ಣು ಬಿದ್ದಿತ್ತು ಎನ್ನಬೇಕು. ಶೆನ್ ಸತ್ತ ಜಾಗದಲ್ಲಿ, ಹಿತ್ತಿಲ ಜಗಲಿಯ ಚಾಪೆಯ ಮೇಲೆ, ಇದ್ದಿಲ ಒಲೆ, ಕೆಟಲು, ಒಂದೇ ಒಂದು ಲೋಟ ಇದ್ದವು. ಲೋಟದ ತಳದಲ್ಲಿ ಸಕ್ಕರೆ, ಅರ್ಧದವರೆಗೆ ಒಣಗಿದ ನೊರೆ. ಒಬ್ಬಳೇ ಕೂತು ಚಹಾ ಕಾಯಿಸಿ, ಅದರಲ್ಲಿ ಮಾತ್ರೆ ಬೆರೆಸಿಕೊಂಡು ಕುಡಿದಿದ್ದಾಳೆ, ಊರು ಬಿಟ್ಟು ಬಂದ ಒಂಟಿ ಹೆಂಗಸು, ಏನು ಸಂಕಟವಿತ್ತೋ ಏನೋ ಎಂದು ಮೊದಲು ಎಲ್ಲರೂ ಲೊಚಗುಟ್ಟಿದ್ದರು.

ಆಮೇಲೆ ಬಂಗಲೆಯ ಕಾವಲುಗಾರ ಬಾಯಿ ಬಿಟ್ಟ. ಅವತ್ತು ಮಧ್ಯಾಹ್ನ ಶೆನ್ ಮತ್ತು ಯಾಂದೆ ಜಗಳವಾಡಿದ್ದರು, ಯಾಂದೆ ಅಳುತ್ತ ಕಾರು ಹತ್ತಿದ್ದಳು. ಜಗಳ ಏಕೆ ಎಂಬುದನ್ನು ಯಾಂದೆಯೇ ಒಪ್ಪಿಕೊಂಡಿದ್ದಳು. ಹೊಸ ಒಪ್ಪಂದದ ಪ್ರಕಾರ ಚೀನಾದ ಕಂಪನಿ ಇನ್ನು ಮುಂದೆ ಲಾತಿರ್ ಮನೆತನಕ್ಕೆ ಚಹಾ ಕೊಡುವುದಿಲ್ಲ. ಸೆನೆಗಾಲ್ ಸರ್ಕಾರದ ಜೊತೆ ಸೇರಿ ಡಾಕಾರಿನ ಪಕ್ಕದ ದ್ಯಾಮ್ನ್ಯಾಜೋದಲ್ಲಿ ತಾನೇ ಪೊಟ್ಟಣ ಕಟ್ಟುವ ಕಾರ್ಖಾನೆ ಹಾಕುತ್ತದೆ. ಆ ಮಾತುಕತೆಯ ಗುಟ್ಟನ್ನೆಲ್ಲ ಯಾಂದೆ ಮನೆಗೆ ಹೋಗಿ ಗಂಡನಿಗೆ ಹೇಳುತ್ತಿದ್ದಳು. ಶೆನ್‌ಗೆ ಅದು ತಿಳಿದು, ನಾಳೆ ಮಂತ್ರಿಗೆ ಹೇಳುತ್ತೇನೆ ಎಂದಿದ್ದಳು. ಆ ನಾಳೆ ಅವಳ ಪಾಲಿಗೆ ಬರಲಿಲ್ಲ.

ಇವತ್ತು ಬೆಳಿಗ್ಗೆ ಕಂಪನಿಯಿಂದ ಚ್ಯೂ ಎಂಬ ಮುದುಕ ವಿಮಾನ ಇಳಿದು ನೇರ ಕಚೇರಿಗೆ ಬಂದ. ಜಗಲಿಯ ಫೋಟೋ ಕೈಗೆ ಕೊಟ್ಟರೆ ತುಂಬ ಹೊತ್ತು ನೋಡಿದ. ಇದು ಯಾರ ಚಹಾ ಎಂದು ಕೇಳಿದ. ಶೆನ್ ಅವರದು ಎಂದರೆ ತಲೆ ಅಡ್ಡಡ್ಡ ಆಡಿಸಿದ. ನಾಲಿಗೆಯ ರುಚಿಯಿಂದಲೇ ಅನ್ನ ಸಂಪಾದಿಸುವವಳು ಅವಳು, ಕೆಲಸಕ್ಕೆ ಸೇರಿದಂದಿನಿಂದ ಸಕ್ಕರೆ ಬಾಯಿಗೆ ಹಾಕಿದವಳಲ್ಲ. ತನಗೆ ತಾನೇ ಚಹಾ ಮಾಡಿಕೊಂಡರೆ ಬಿಸಿನೀರು, ಎಲೆ, ಅಷ್ಟೇ. ಈ ಬಿಳಿ ನೊರೆ ಏನು, ಸಾಬೂನೇ ಎಂದ.

ಕೋಣೆಯಲ್ಲಿದ್ದ ಸೆನೆಗಾಲಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೊರೆಯಿಲ್ಲದ ಚಹಾ ಎಂಬುದೂ ಇರುತ್ತದೆ ಎಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದು, ಮತ್ತೆ ಸುರಿದು, ನೊರೆ ಕಟ್ಟಿ, ಒಂದು ಹಿಡಿ ಸಕ್ಕರೆ ಹಾಕಿ ಕುಡಿಯುವುದನ್ನೇ ಹುಟ್ಟಿದಂದಿನಿಂದ ಕಂಡವರು. ಕೊಂದವನಿಗೂ ಹೊಳೆದಿರಲಿಲ್ಲ. ಶೆನ್ ಒಬ್ಬಳೇ ಕುಡಿದಳು ಎಂದು ತೋರಿಸಲು ತನ್ನ ಲೋಟ ತೊಳೆದು ಒಳಗಿಟ್ಟ, ಬೆರಳ ಗುರುತು ಒರೆಸಿದ, ಎಲ್ಲ ಮಾಡಿದ. ಚಹಾ ಮಾತ್ರ ತನ್ನ ಮನೆಯ ರೀತಿಯಲ್ಲೇ ಮಾಡಿಟ್ಟ. ಅತಿಥಿಯಾಗಿ ಬಂದವನು ಕೊಟ್ಟದ್ದನ್ನು ಬೇಡ ಎನ್ನಲಾರದೆ, ಸಕ್ಕರೆ ಒಲ್ಲದ ಆ ಹೆಂಗಸು ಮರ್ಯಾದೆಗೆ ಕುಡಿದಿದ್ದಳು.

ಕಮಿಷನರ್ ಗುಡ್ಯಾಬಿ ತೊಡೆ ತಟ್ಟಿ, ಹಾಗಾದರೆ ಕೊಲೆಯೇ, ಹಾಗಾದರೆ ಯಾಂದೆಯೇ ಎಂದುಬಿಟ್ಟರು. ಅವರು ದಿಯೋಲಾ ಕುಲದವರು, ದಿಬೋರ್ ಸೇರೇರ್ ಕುಲದವಳು. ಎರಡು ಕುಲದವರಿಗೂ ಒಬ್ಬರನ್ನೊಬ್ಬರು ಆಳು ಎಂದು, ತಿನ್ನುವ ಊಟ ಹಿಡಿದು, ತಮಾಷೆಗೆ ಹಂಗಿಸುವ ಹಕ್ಕು ಅಜ್ಜಂದಿರ ಕಾಲದಿಂದಲೂ ಇದೆ.

"ಏನಮ್ಮ, ನಮ್ಮನೆ ಆಳೇ," ಎಂದಿದ್ದರು, "ಸಜ್ಜೆ ತಿನ್ನೋರಿಗೆ ಬುದ್ಧಿ ನಿಧಾನ ಅಂತ ಗೊತ್ತು. ಆದ್ರೂ ಸಂಜೆಯೊಳಗೆ ಮುಗಿಸು."

"ನಿಮ್ಮ ಅನ್ನ ತಿನ್ನೋ ಬುದ್ಧಿ ಇಷ್ಟು ದಿನ ಎಲ್ಲಿ ಹೋಗಿತ್ತು ಸರ್?"

ಅವರು ನಕ್ಕರು, ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ರಾಯಭಾರ ಕಚೇರಿಯಿಂದ ಎರಡು ಸಲ ಫೋನ್ ಬಂದಿತ್ತು, ಮಂತ್ರಿಯಿಂದ ಐದು ಸಲ. ಕಾರ್ಖಾನೆಯ ಅದೇ ಜಾಗ ಇಂಡಿಯಾದವರೂ ಕೇಳಿದ್ದರು, ತುರ್ಕಿಯವರೂ ಕೇಳಿದ್ದರು. "ನಮ್ಮ ಸರ್ಕಾರ ಮೂರು ಹೆಂಡಿರ ಗಂಡ ಕಣಮ್ಮ. ಕುಸ್ತಿ ಅಖಾಡ ಕಟ್ಟಿಕೊಟ್ಟ ಚೀನಾ ಒಬ್ಬಳು, ಬಸ್ಸು ನುಚ್ಚಕ್ಕಿ ಕಳಿಸೋ ಇಂಡಿಯಾ ಇನ್ನೊಬ್ಬಳು, ತುರ್ಕಿ ಮೂರನೆಯವಳು. ಒಬ್ಬಳ ಅಡುಗೆಮನೇಲಿ ಹೊಗೆ ಎದ್ದರೆ ಉಳಿದಿಬ್ಬರೂ ಕಿಟಕಿಗೆ ಬಂದು ನಿಲ್ತಾರೆ. ದುಭಾಷಿ ಮಾಡಿದ್ದು, ಅವಳ ಸ್ವಂತ ಜಗಳ ಅಂತ ಆದ್ರೆ ಒಪ್ಪಂದ ಉಳಿಯುತ್ತೆ," ಎಂದು ಎದ್ದು ಹೋದರು.

ದಿಬೋರ್ ಮಾತ್ರ ಫೋಟೋ ಹಿಡಿದು ಅಲ್ಲೇ ಕೂತಿದ್ದಳು. ಅವಳ ಹಬ್ಬ ಕೆಟ್ಟಿತ್ತು. ಆರು ವರ್ಷ ಹಾಂಗ್‌ಝೌದಲ್ಲಿ ಇದ್ದವಳು, ಹದಿನೈದು ದಿನ ಶೆನ್ ಪಕ್ಕದಲ್ಲೇ ಕೂತು ಬರೀ ಎಲೆಯ ನೀರು ಕುಡಿದವಳು, ಈ ತಪ್ಪು ಮಾಡುತ್ತಾಳೆಯೇ? ಇಡೀ ಡಾಕಾರಿನಲ್ಲಿ ಈ ತಪ್ಪು ಮಾಡಲಾರದವರು ಯಾರಾದರೂ ಇದ್ದರೆ ಅದು ಯಾಂದೆ. ಹೊಟ್ಟೆಯುರಿ ಹೇಳಿತು, ಸುಮ್ಮನಿರು, ಇದು ಯಾರಿಗೂ ಹೊಳೆದಿಲ್ಲ. ನಿಜ, ಯಾರಿಗೂ ಹೊಳೆದಿರಲಿಲ್ಲ.

ಅದಕ್ಕೇ ಪೇದೆಯನ್ನು ಹೊರಗೆ ಕಳಿಸಿ ಈ ಪರೀಕ್ಷೆ.

"ನೀರು ಕುದೀತಿದೆ," ಎಂದಳು ದಿಬೋರ್.

ಯಾಂದೆ ಬೇಸತ್ತು ಕೈ ಚಾಚಿದಳು. ಲೋಟದ ವಿಷಯ, ನೊರೆಯ ವಿಷಯ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಒಲೆ ಆರಿಸಿ, ನೀರು ಸ್ವಲ್ಪ ತಣ್ಣಗಾಗುವವರೆಗೆ ಕಾದಳು. ಎರಡು ಬೆರಳಲ್ಲಿ ಒಂದಿಷ್ಟು ಎಲೆ ಎತ್ತಿ ನೇರ ಲೋಟಕ್ಕೇ ಹಾಕಿ, ಮೇಲಿಂದ ನೀರು ಬಿಟ್ಟಳು. ಸಕ್ಕರೆಯ ಕಡೆ ಕೈ ಹೋಗಲಿಲ್ಲ. ಲೋಟವನ್ನು ದಿಬೋರ್ ಮುಂದೆ ತಳ್ಳಿ, ಆಮೇಲೆ ತಾನು ಎಲ್ಲಿದ್ದೇನೆ ಎಂದು ನೆನಪಾದವಳಂತೆ ಹಣೆ ಒತ್ತಿಕೊಂಡಳು.

"ತಪ್ಪಾಯ್ತು. ನಮ್ಮ ಥರದ್ದು ಬೇಕಿತ್ತಾ?"

"ಅದನ್ನೂ ಮಾಡು."

ಮಾಡಿದಳು. ಅಲ್ಲ, ಮಾಡಲು ಹೋದಳು. ಎತ್ತರದಿಂದ ಸುರಿದರೆ ಅರ್ಧ ಮೇಜಿನ ಮೇಲೆ, ಅರ್ಧ ಮಡಿಲಿಗೆ. ಮತ್ತೆ ಮತ್ತೆ ಸುರಿದರೂ ಲೋಟದಲ್ಲಿ ನಾಲ್ಕು ಗುಳ್ಳೆ ಎದ್ದು ಒಡೆದವು. ದಿಬೋರ್‌ಗೆ ನಗು ಬಂತು, ಬಿಗಿಹಿಡಿದಳು. ಊರಿನ ಯಾವ ಸೋಮಾರಿ ಹುಡುಗನಾದರೂ ಇದಕ್ಕಿಂತ ಚೆನ್ನಾಗಿ ನೊರೆ ಕಟ್ಟುತ್ತಿದ್ದ.

"ನಗು, ನಗು," ಎಂದಳು ಯಾಂದೆ. "ನಮ್ಮತ್ತೆನೂ ಹೀಗೇ ನಗ್ತಾರೆ. ನನ್ನ ಚಹಾಕ್ಕೆ ಅವರು ಆಸ್ಪತ್ರೆ ನೀರು ಅಂತ ಹೆಸರಿಟ್ಟಿದ್ದಾರೆ. ಶಾಲೆ ಮುಗಿಸಿದ ಹುಡುಗಿ ನೇರ ಅಲ್ಲಿಗೆ ಹೋದೆ. ಕಲಿಯೋ ವಯಸ್ಸಲ್ಲಿ ಇಲ್ಲಿರಲಿಲ್ಲ."

ಕಲಿಯುವ ವಯಸ್ಸಿನಲ್ಲಿ ಇಲ್ಲಿದ್ದವಳು ದಿಬೋರ್. ಜೀವನದಲ್ಲಿ ಮೊದಲ ಬಾರಿಗೆ ಯಾಂದೆಗೆ ಬಾರದ ಒಂದು ವಿದ್ಯೆ ತನಗೆ ಬರುತ್ತದೆ ಎಂದು ಗೊತ್ತಾಯಿತು. ಆದರೆ ಅದೇ ಗಳಿಗೆಯಲ್ಲಿ ಅವಳನ್ನು ಬಿಟ್ಟುಬಿಡಬೇಕು ಎಂದೂ ಗೊತ್ತಾಯಿತು. ಹಾಳಾಗಿ ಹೋಗಲಿ ಎಂದುಕೊಂಡಳು. ಈ ಹೆಂಗಸನ್ನು ಕಂಡರೆ ನನಗೆ ಆಗುವುದಿಲ್ಲ, ನಾಳೆಯೂ ಆಗುವುದಿಲ್ಲ, ಸಾಯುವವರೆಗೂ ಆಗುವುದಿಲ್ಲ. ಆದರೆ ಮಾಡದ ಕೊಲೆಗೆ ಸಿಕ್ಕಿಸಿದರೆ ನಾನು ಪೊಲೀಸೇ ಅಲ್ಲ.

"ಯಾಂದೆ," ಎಂದಳು. ಕೈದಿ ಎನ್ನದೆ, ಮೇಡಂ ಎನ್ನದೆ, ಶಾಲೆಯಲ್ಲಿ ಕರೆಯುತ್ತಿದ್ದ ಹಾಗೆ. "ಇದು ನೀನಲ್ಲ. ಚಹಾ ಮಾಡಿದ ಕೈ ನಿನ್ನದಲ್ಲ."

 ಇಷ್ಟು ಹೊತ್ತು ಗಟ್ಟಿಯಾಗಿ ಕೂತಿದ್ದ ಯಾಂದೆ ಬಿಕ್ಕಿ ಅತ್ತಳು. ನೀನೇ ನನ್ನನ್ನು ಜೈಲಿಗೆ ಹಾಕಿಸುತ್ತೀಯ ಎಂದುಕೊಂಡಿದ್ದೆ, ಶಾಲೆಯ ದಿನದಿಂದ ನಿನ್ನ ಕಣ್ಣು ನನಗೆ ಗೊತ್ತು ಕಣೇ, ಸೀಟು ಸಿಕ್ಕಿದ್ದಕ್ಕೆ ನೀನು ನನ್ನನ್ನು ಯಾವತ್ತೂ ಕ್ಷಮಿಸಲಿಲ್ಲ ಎಂದು ಏನೇನೋ ಹೇಳಿದಳು. ದಿಬೋರ್ ಇಲ್ಲ ಎನ್ನಲಿಲ್ಲ. ಕರವಸ್ತ್ರ ಕೊಟ್ಟಳು. ಆಮೇಲೆ ಫೋಟೋವನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಿರುಗಿಸಿದಳು.

"ಶೆನ್ ಹತ್ತಿರ ನೀನು ಹೋದ ಮೇಲೆ ಯಾರೋ ಬಂದಿದ್ದಾರೆ. ಅವಳು ಬಾಗಿಲು ತೆಗೆದು ಕೂರಿಸಿಕೊಂಡಿದ್ದಾಳೆ ಅಂದ್ರೆ ಗುರುತಿನವರು. ನೋಡು, ಏನಾದ್ರೂ ಹೊಳೆಯುತ್ತಾ?"

ಯಾಂದೆ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಚಾಪೆ, ಕೂತವನ ಭಾರಕ್ಕೆ ತಗ್ಗಾದ ದಿಂಬು, ಅದರ ಮುಂದೆ ಒಲೆ. ಅವಳ ನೋಟ ಲೋಟದ ಮೇಲೆ ನಿಲ್ಲಲಿಲ್ಲ, ಕೆಟಲಿನ ಮೇಲೆ ನಿಂತಿತು. ನಿಂತದ್ದು ಅಲ್ಲಿಂದ ಕದಲಲಿಲ್ಲ. 

ದಿಬೋರ್ ಅವಳ ನೋಟದ ಹಿಂದೆ ತನ್ನ ನೋಟ ಹರಿಸಿದಳು. ಈ ಫೋಟೋವನ್ನು ಎಷ್ಟು ಸಲ ನೋಡಿದ್ದಳೋ ಲೆಕ್ಕವಿಲ್ಲ. ಕೆಟಲಿನ ಹಿಡಿಕೆ ದಿಂಬಿನ ಎಡಗಡೆಗೆ ಚಾಚಿತ್ತು. ಚಹಾ ಸಿಡಿದ ಹನಿಗಳೆಲ್ಲ ಲೋಟವಿಟ್ಟ ತಟ್ಟೆಯ ಎಡಗಡೆ. ಒಣಗಿದ ಬಟ್ಟೆಯ ತುಂಡು, ಬಿಸಿ ಹಿಡಿಕೆ ಹಿಡಿಯಲು ಇಟ್ಟುಕೊಂಡದ್ದು, ಅದೂ ಎಡಗಡೆ.

 ಈ ದೇಶದಲ್ಲಿ ಎಡಗೈಯಿಂದ ಅತಿಥಿಗೆ ಏನನ್ನೂ ಕೊಡುವುದಿಲ್ಲ. ಎಡಚನಾಗಿ ಹುಟ್ಟಿದ ಮಗುವಿನ ಕೈಯನ್ನು ತಾಯಿಯೇ ಬಟ್ಟೆ ಸುತ್ತಿ ಕಟ್ಟಿಹಾಕುತ್ತಾಳೆ. ಹಾಗೆ ಕಟ್ಟಿಸಿಕೊಂಡು ಬೆಳೆದ ಒಬ್ಬ ಹುಡುಗ, ನಾಲ್ಕು ಜನರ ಎದುರು ಎಲ್ಲವನ್ನೂ ಬಲಗೈಯಲ್ಲಿ ಮಾಡುತ್ತಿದ್ದವನು, ತನ್ನವರು ಎನಿಸಿದವರ ಮುಂದೆ ಮಾತ್ರ ಕೆಟಲನ್ನು ಎಡಗೈಗೆ ತೆಗೆದುಕೊಳ್ಳುತ್ತಿದ್ದ. ಇಲ್ಲವೇ ಕೈ ನಡುಗಿ, ಬಲಗೈ ಮಾತು ಕೇಳದೆ ಹೋದಾಗ. ಒಂದು ಕಾಲದಲ್ಲಿ ದಿಬೋರ್ ಎದುರು ಕೂತು ಅವನು ಹಾಗೆ ಸುರಿಯುತ್ತಿದ್ದ. ಯಾರಿಗೂ ಹೇಳಬೇಡ ಎಂದು ನಗುತ್ತಿದ್ದ. ಆ ಗುಟ್ಟು ತನ್ನೊಬ್ಬಳದೇ ಎಂದು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಂದಿದ್ದಳು. ಎದುರಿಗೆ ಕೂತವಳಿಗೂ ಅದು ಗೊತ್ತು ಎಂಬುದು ಈಗ ಚುಚ್ಚಿದ ಹಾಗೆ ಆ ಮದುವೆಯ ಸುದ್ದಿ ಕೂಡ ಚುಚ್ಚಿರಲಿಲ್ಲ.

ಲಾತಿರ್.

"ನಾನೇ ಮಾಡಿದ್ದು," ಎಂದಳು ಯಾಂದೆ.

"ಏನು?"

"ನಾನೇ ಕೊಂದೆ. ಬರ್ಕೋ. ಜಗಳ ಆಯ್ತು, ಹೊರಗೆ ಹೋದೆ, ಆಮೇಲೆ ವಾಪಸ್ ಬಂದೆ. ಚಹಾ ನಾನೇ ಮಾಡಿದೆ. ಈಗ ಬೇಕು ಅಂತ ಕೆಟ್ಟದಾಗಿ ಮಾಡಿ ತೋರಿಸಿದೆ. ಬರ್ಕೊಳ್ಳೇ ಬೇಗ."

ಅವಳ ಧ್ವನಿಯಲ್ಲಿ ಅಳುವಿರಲಿಲ್ಲ. ಸಂತೆಗೆ ಹೊರಟವಳಂತೆ ಅವಸರವಿತ್ತು. ಗಂಡನಿಗಾಗಿ ಈ ಹೆಂಗಸು ಜೈಲಿಗೆ ಹೋಗುತ್ತಾಳೆ, ಒಂದು ನಿಮಿಷವೂ ಯೋಚಿಸದೆ ಹೋಗುತ್ತಾಳೆ ಎಂದು ದಿಬೋರ್‌ಗೆ ಕಂಡಿತು. ಅಯ್ಯೋ, ಇದರಲ್ಲೂ ನನಗಿಂತ ಮುಂದೆ ಹೋದಳಲ್ಲ ಎನಿಸಿ ಹೊಟ್ಟೆಗೆ ಬೆಂಕಿ ಬಿದ್ದಿತು.

ಬಾಗಿಲು ತೆರೆಯಿತು. ಗುಡ್ಯಾಬಿ ಅರ್ಧ ಒಳಗೆ ಬಂದು ನಿಂತರು, ಕೈಯಲ್ಲಿ ಫೋನು.

"ಮಂತ್ರಿಗಳು ಲೈನಲ್ಲಿದ್ದಾರೆ. ಏನು ಹೇಳಲಿ? ಒಪ್ಪಿಕೊಂಡಳಾ?"

ಹೇಳಬೇಕಾದ್ದು ದಿಬೋರ್ ನಾಲಿಗೆಯ ಮೇಲೇ ಇತ್ತು. ಸುಳ್ಳು ಹೇಳುತ್ತಿದ್ದಾಳೆ ಸರ್, ಫೋಟೋ ನೋಡಿ, ಹಿಡಿಕೆ ನೋಡಿ, ಇವಳ ಗಂಡನನ್ನು ಕರೆಸಿ. ಅವಳ ಕೈ ಫೋಟೋದ ಮೇಲೆ ಹೋಯಿತು. ಅದನ್ನು ಮಗುಚಿ ಹಾಕಿತು.

"ಒಪ್ಪಿಕೊಂಡಳು ಸರ್."

"ಶಾಬಾಶ್, ನಮ್ಮನೆ ಆಳೇ," ಎಂದು ಕಮಿಷನರ್ ಫೋನನ್ನು ಕಿವಿಗೆ ಹಿಡಿದು, ಬಾಗಿಲು ಎಳೆದುಕೊಂಡು ಹೋದರು. ಕಾರಿಡಾರಿನಲ್ಲಿ ಅವರ ದೊಡ್ಡ ದನಿ ಮಂತ್ರಿಗೆ ವಂದಿಸುವುದು ಕೇಳಿಸಿತು.

ಒಲೆಯ ಮೇಲೆ ಕೆಟಲು ಇನ್ನೂ ಬಿಸಿಯಾಗಿತ್ತು. ದಿಬೋರ್‌ಗೆ ಎದುರಿಗೆ ನೋಡಲು ಧೈರ್ಯ ಬರಲಿಲ್ಲ. ಬಳೆಯ ಲಕೋಟೆಯನ್ನು ಸರಿಸಿದಳು, ಪೆನ್ನಿನ ಮುಚ್ಚಳ ತೆಗೆದಳು.

"ನೀನು ಫೋಟೋ ಮುಚ್ಚಿದ್ದು ಯಾಕೆ?" ಯಾಂದೆ ಕೇಳಿದಳು.

ದಿಬೋರ್ ಹೇಳಿಕೆಯ ಕಾಗದದ ಮೇಲೆ ದಿನಾಂಕ ಬರೆದಳು.

"ನಾನು ಒಂದು ಮಾತೂ ಹೇಳಲಿಲ್ಲ. ಆದ್ರೂ ನೀನು ನೇರ ಹಿಡಿಕೆ ನೋಡಿದೆ. ಹೊರಗಿನವರ ಮುಂದೆ ಅವರು ಸತ್ತರೂ ಎಡಗೈ ಎತ್ತಲ್ಲ. ಅವರ ಅಂಗಡಿ ಜನಕ್ಕೂ ಅದು ಗೊತ್ತಿಲ್ಲ." ಯಾಂದೆಯ ದನಿ ಮೆಲ್ಲಗಾಗುತ್ತ ಬಂತು. "ನಿನಗೆ ಹೇಗೆ ಗೊತ್ತು, ದಿಬೋರ್?"

ದಿಬೋರ್ ತಲೆ ಎತ್ತಿದಳು. ಅದೇ ತಪ್ಪಾಯಿತು. ಬಾಯಿ ಹೇಳದ್ದನ್ನೆಲ್ಲ ಮುಖ ಹೇಳಿಬಿಟ್ಟಿತು.

ಯಾಂದೆ ಒದ್ದೆ ಕರವಸ್ತ್ರವನ್ನು ಮಡಿಚಿ, ನೀಟಾಗಿ, ಮೇಜಿನ ಮೇಲಿಟ್ಟಳು. ಭಯ ಅವಳ ಕಣ್ಣಿನಿಂದ ಹೋಗಿತ್ತು. ಅಲ್ಲಿ ಈಗ ಇದ್ದದ್ದು ಏನು ಎಂದು ದಿಬೋರ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದು ತನ್ನದೇ ಹಳೆಯ ಕಾಯಿಲೆ, ಹೊಟ್ಟೆಯುರಿ.

"ನಾನು ಒಳಗೆ ಕೊಳೀತಾ ಇರಬೇಕು, ನೀನು ಹೊರಗೆ ಅವರ ಪಕ್ಕ ಕೂತು ಚಹಾ ಕುಡೀತಾ ಇರಬೇಕು, ಅಲ್ವಾ?" ಯಾಂದೆ ಎದ್ದು ನಿಂತಳು. "ಕರಿ ನಿನ್ನ ಕಮಿಷನರನ್ನ. ನಾನು ಹೇಳಿದ್ದೆಲ್ಲ ಸುಳ್ಳು ಅಂತ ಹೇಳ್ತೀನಿ. ನೀನು ಆ ಫೋಟೋ ಯಾಕೆ ಮುಚ್ಚಿದೆ ಅಂತಲೂ."